ಹರಟೆಮಲ್ಲನಿಗೆ ತರಗೆಲೆ ಬೇಕು

ಮಾನ್ಯರೇ,

ಜಯನಗರದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಈಚೆಗೆ ಹಕ್ಕಿಗಳನ್ನು ಪರಿಚಯಿಸುವ ಫಲಕವೊಂದನ್ನು ನಿಲ್ಲಿಸಿದ್ದಾರೆ. ಅದರಲ್ಲಿ ‘ಕಾಡು ಹರಟೆಮಲ್ಲ’ ಎಂಬ ಹೆಸರಿನಡಿ ಅಚ್ಚಾಗಿರುವ ಚಿತ್ರ ಹಳದಿ ಕೊಕ್ಕಿನ ಹರಟೆಮಲ್ಲನದು. ಕೊಕ್ಕು ಎರಡರದೂ ಹಳದಿಯೇ ಆದ್ದರಿಂದ ಹೆಸರನ್ನು ನಂಬಿದವರು ಎಡವುವುದು ಸಹಜ. ನೆತ್ತಿ ಕೆನೆಬಣ್ಣಕ್ಕಿದ್ದು ಗಂಟಲು ಕಪ್ಪಾಗಿದ್ದರೆ ಅದು ಎರಡನೆಯದು. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಬಿಟ್ಟರೆ ಅದು ಬೇರೆಲ್ಲೂ ಇಲ್ಲ. ಹೆಸರಘಟ್ಟದ ಬಯಲಿನ ಕಡೆ ಹೋದರೆ, ಉದ್ದ ಬಾಲದ ಅಂಚಿನಲ್ಲಿ ಬಿಳಿ ತೋರಿಸುತ್ತ ಹಾರುವ ದೊಡ್ಡ ಬೂದು ಹರಟೆಮಲ್ಲವೂ ಸಿಗುತ್ತದೆ.

ಫಲಕದಲ್ಲಿರುವ ‘ಟರ್ಡಾಯ್ಡಿಸ್’ ಎಂಬ ಕುಲನಾಮವೂ ಹಳತಾಗಿದೆ. 2018ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಬಳಿಕ ನಮ್ಮ ಈ ಮೂರೂ ಪ್ರಭೇದಗಳು, ಪಶ್ಚಿಮಘಟ್ಟದ ಕೆಂಗಂದು ಹರಟೆಮಲ್ಲ ಹಾಗೂ ಅರೇಬಿಯದ ಮರುಭೂಮಿಯ ಹರಟೆಮಲ್ಲಗಳ ಜೊತೆಗೆ ‘ಆರ್ಗ್ಯ’ ಕುಲಕ್ಕೆ ಸೇರಿವೆ. ಹಳೆಯ ಕುಲದಲ್ಲಿ ಉಳಿದವು ಹೆಚ್ಚಾಗಿ ಆಫ್ರಿಕದವು. ಆರ್ಗ್ಯ ಎಂಬುದು ಹೊಸದಾಗಿ ಕಟ್ಟಿದ ಹೆಸರೇನಲ್ಲ, ಫ್ರಾನ್ಸಿನ ಪಕ್ಷಿತಜ್ಞ ಲೆಸನ್ 1831ರಲ್ಲೇ ಇಟ್ಟದ್ದು.

ಈ ತಪ್ಪುಗಳನ್ನು ಅರ್ಧ ದಿನದಲ್ಲಿ ತಿದ್ದಬಹುದು. ನಾನು ಬರೆಯಲು ಕಾರಣವಾದದ್ದು ಫಲಕದ ಬುಡದ ನೆಲ. ಬೆಳಗಾಗುತ್ತಲೇ ಪೊದೆಗಳ ಅಡಿಯಲ್ಲೂ ಒಂದೆಲೆ ಬಿಡದಂತೆ ಗುಡಿಸಿ, ಚೀಲಕ್ಕೆ ತುಂಬಿ ಸಾಗಿಸುತ್ತಾರೆ. ಹರಟೆಮಲ್ಲಗಳ ಊಟವಿರುವುದು ಆ ತರಗೆಲೆಯೊಳಗೇ. ಏಳೆಂಟು ಹಕ್ಕಿಗಳ ಗುಂಪು ಎಲೆ ಮಗುಚುತ್ತ ಹುಳುಹುಪ್ಪಟೆ ಹೆಕ್ಕುವಾಗ ಒಂದು ಹಕ್ಕಿ ಕೊಂಬೆಯ ಮೇಲೆ ಕಾವಲಿರುತ್ತದೆ. ಮರಿಗಳಿಗೆ ಗುಟುಕು ಕೊಡಲು ತಂದೆತಾಯಿಯಷ್ಟೇ ಅಲ್ಲ, ಗುಂಪಿನ ಉಳಿದವೂ ಬರುತ್ತವೆ. ಇಲ್ಲಿ ಮೇವಿಲ್ಲದಿದ್ದರೆ ಲಾಲ್‌ಬಾಗಿಗೆ ಹೋಗಲಿ ಎನ್ನುವಂತಿಲ್ಲ: ಗಿಡ್ಡ ರೆಕ್ಕೆಯ ಇವು ಒಂದು ರಸ್ತೆ ದಾಟಬೇಕಾದರೂ ಒಂದರ ಹಿಂದೊಂದು ತಗ್ಗಾಗಿ ತೇಲಿ ಹೋಗುವಂಥವು, ಮೇಲಾಗಿ ಪ್ರತಿ ಗುಂಪೂ ತನ್ನ ಎಲ್ಲೆಯೊಳಗೇ ಇರುತ್ತದೆ. ನಮ್ಮ ಕವಿಗಳು ಕೊಂಡಾಡಿದ ಚಾತಕವೂ ತನ್ನ ನೀಲಿ ಮೊಟ್ಟೆಯನ್ನು ಇವುಗಳ ನೀಲಿ ಮೊಟ್ಟೆಗಳ ನಡುವೆ ಇಟ್ಟು, ಸಾಕುವ ಕೆಲಸವನ್ನು ಇವುಗಳಿಗೇ ಬಿಡುತ್ತದೆ.

ಪೌರಕಾರ್ಮಿಕರನ್ನು ನಾನು ದೂರುತ್ತಿಲ್ಲ. ಅವರಿಗೆ ಹೇಳಿದ್ದನ್ನು ಅವರು ಮಾಡುತ್ತಿದ್ದಾರೆ. ನಡೆಯುವ ಹಾದಿಯನ್ನು ಗುಡಿಸಿ, ಬೇಲಿಯ ಸಾಲಿನ ಹಾಗೂ ಪೊದೆಗಳ ಅಡಿಯ ಎಲೆಗಳನ್ನು ಹಾಗೆಯೇ ಬಿಡಬೇಕೆಂದು ಉದ್ಯಾನಗಳ ಹೊಣೆ ಹೊತ್ತವರು ಸೂಚಿಸಿದರೆ ಸಾಕು, ಅವರ ದುಡಿಮೆಯೂ ಅಷ್ಟು ಹಗುರಾದೀತು. ಫಲಕವನ್ನು ಆಮೇಲೆ ತಿದ್ದಿದರೂ ಆದೀತು.

ಓದುಗ, ಜಯನಗರ, ಬೆಂಗಳೂರು