ಗೆಳೆಯನಿಗೊಂದು ಪತ್ರ: ಹಾರುವ ಎಲೆಕೋಸು, ಅಳುವ ದೇವತೆ

ಗೆಳೆಯಾ,

'ಕೊನೋಸುಬಾ ನೋಡು, ನಗು ಬರದಿದ್ರೆ ನನ್ನನ್ನ ಕೇಳು' ಅಂತ ನೀನು ಹೇಳಿ ವರ್ಷವೇ ಆಯಿತೇನೋ. ಕೊನೆಗೂ ಆ ಜಪಾನಿ ಕಾರ್ಟೂನ್ ಸರಣಿಯನ್ನು ನೋಡಿದೆ. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೂ ನಿಜ, ನಡುವೆ ನಿನ್ನನ್ನು ಬೈದುಕೊಂಡಿದ್ದೂ ನಿಜ. ಫೋನಿನಲ್ಲಿ ಹೇಳೋಣವೆಂದರೆ ನೀನು ಮಾತು ಮುಗಿಸಲು ಬಿಡುವವನಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಕಂತಿನ ಸಾವಿನಲ್ಲೇ ನಾನು ಬಿದ್ದೆ ಕಣೋ. ಈ ಇಸೆಕಾಯ್ ಕಥೆಗಳಲ್ಲಿ ಹುಡುಗ ಲಾರಿಗೆ ಸಿಕ್ಕಿ ಸಾಯುವುದು, ಬೇರೆ ಲೋಕಕ್ಕೆ ಹೋಗಿ ವೀರನಾಗುವುದು ಮಾಮೂಲು. ಇಲ್ಲಿ ನಾಯಕ ಕಜುಮಾ ಲಾರಿ ಬಂತೆಂದು ಒಬ್ಬ ಹುಡುಗಿಯನ್ನು ತಳ್ಳುತ್ತಾನೆ. ಬಂದಿದ್ದು ಟ್ರಾಕ್ಟರು. ಅದೂ ಆಮೆ ನಡಿಗೆಯಲ್ಲಿ! ಹೆದರಿಕೆಗೇ ಪ್ರಾಣ ಹೋಗಿದೆ. ಈ ಸುದ್ದಿ ಹೇಳಬೇಕಾದ ದೇವತೆ ಆಕ್ವಾ ಬಿದ್ದು ಬಿದ್ದು ನಗುತ್ತಾಳೆ. ಹೊಸ ಲೋಕಕ್ಕೆ ಏನಾದರೂ ಒಂದನ್ನು ಒಯ್ಯಬಹುದು, ಬೇಗ ಆರಿಸು ಅನ್ನುತ್ತಾಳೆ. ಉರಿದುಹೋದ ಅವನು ಅವಳನ್ನೇ ಆರಿಸುತ್ತಾನೆ.

ಆಮೇಲಿನದು ನನಗೆ ಬಹಳ ಹತ್ತಿರವಾಯಿತು. ಆಕ್ಸೆಲ್ ಅನ್ನುವ ಊರಿಗೆ ಬಂದು ನಿಂತರೆ ಸಾಹಸಿಗರ ಸಂಘದಲ್ಲಿ ಹೆಸರು ನೋಂದಾಯಿಸಲೂ ಕಾಸಿಲ್ಲ. ಆಕ್ವಾ 'ನಾನು ದೇವತೆ, ಸಾಲ ಕೊಡು' ಅಂತ ಒಬ್ಬ ಮುದುಕರ ಹತ್ತಿರ ಹೋಗುತ್ತಾಳೆ. ಅವರು ಪೂಜಿಸುವುದು ಎರಿಸ್ ಎಂಬ ಬೇರೆ ದೇವತೆಯನ್ನು. ಪಾಪ ಅಂತ ದುಡ್ಡು ಕೊಟ್ಟು ಕಳಿಸುತ್ತಾರೆ. ಎರಿಸ್ ಇವಳಿಗಿಂತ ಕಿರಿಯಳು, ಆ ಲೋಕದ ನಾಣ್ಯಕ್ಕೂ ಅವಳದೇ ಹೆಸರು! ಆಕ್ವಾಳ ಮುಖ ಹೇಗಾಗಿರಬೇಡ ಹೇಳು.

ಮುಂದೆ ರಾಕ್ಷಸರ ಬೇಟೆ ಅಂತ ನಾನು ಕಾದರೆ, ಇಬ್ಬರೂ ಊರಗೋಡೆ ಕಟ್ಟುವ ಕೂಲಿಗೆ ಹೋಗುತ್ತಾರೆ. ದೇವತೆ ಗಾರೆ ಕೆಲಸದಲ್ಲಿ ಎತ್ತಿದ ಕೈ. ಹಗಲು ದುಡಿತ, ಸಂಜೆ ಊಟ ಮತ್ತು ಕುಡಿತ, ರಾತ್ರಿ ಕುದುರೆ ಲಾಯದಲ್ಲಿ ಹುಲ್ಲಿನ ಮೇಲೆ ನಿದ್ದೆ. ನಾವಿಬ್ಬರೂ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದಾಗಿನ ರೂಮು ನೆನಪಾಯಿತು. ತಿಂಗಳ ಕೊನೆಗೆ ಬನ್ನು, ಟೀ. ನಮ್ಮ ಜೊತೆ ದೇವತೆಯೊಬ್ಬಳು ಇರಲಿಲ್ಲ, ಅಷ್ಟೇ.

ಇನ್ನು ಎಲೆಕೋಸು. ಆ ಲೋಕದಲ್ಲಿ ಸುಗ್ಗಿ ಬಂದರೆ ಎಲೆಕೋಸುಗಳು ತಿನ್ನಿಸಿಕೊಳ್ಳಲು ಇಷ್ಟವಿಲ್ಲದೆ ಹಿಂಡು ಹಿಂಡಾಗಿ ಹಾರಿ ಓಡುತ್ತವೆ. ಹಿಡಿದವರಿಗೆ ಒಂದಕ್ಕೆ ಹತ್ತು ಸಾವಿರ ಎರಿಸ್. ಆಕ್ವಾ ರಾಶಿ ಹಿಡಿದಳು ಅಂತ ನೋಡಿದರೆ ಹೆಚ್ಚಿನವು ಲೆಟ್ಯೂಸ್! ಅದಕ್ಕೆ ಅಷ್ಟು ರೇಟಿಲ್ಲ. ಸಂತೆಯಲ್ಲಿ ಬೆಲೆ ಬಿದ್ದು ಕೂತ ರೈತನ ಹಾಗೆ ಅವಳ ಮುಖ.

ನನಗೆ ಜಾಸ್ತಿ ಹಿಡಿಸಿದ್ದು ಅವರ ತಂಡ ಸೇರುವ ಮಂತ್ರಗಾತಿ ಮೆಗುಮಿನ್. ಅವಳಿಗೆ ಬರುವುದು ಒಂದೇ ಮಂತ್ರ, ಸ್ಫೋಟ. ದಿನಕ್ಕೆ ಒಂದು ಸಲ, ಆಮೇಲೆ ನೆಲಕ್ಕೆ ಬಿದ್ದರೆ ಎತ್ತಿಕೊಂಡೇ ಬರಬೇಕು. ಇನ್ನೊಂದು ಮಂತ್ರ ಕಲಿ ಅಂದರೆ ಕೇಳುವುದಿಲ್ಲ. ಹಾಗಾಗಿ ಕಜುಮಾ ಅವಳನ್ನು ದಿನಾ ಗುಡ್ಡದ ಮೇಲಿನ ಪಾಳು ಕೋಟೆಯ ಹತ್ತಿರ ಕರೆದುಕೊಂಡು ಹೋಗುತ್ತಾನೆ. ಮಳೆಯಲ್ಲೂ ಹೋಗುತ್ತಾರೆ. ಅವಳು ಸ್ಫೋಟಿಸುತ್ತಾಳೆ, ಇವನು ಸಂಗೀತ ಕಛೇರಿಯಲ್ಲಿ ತಲೆದೂಗುವವನ ಹಾಗೆ ಇವತ್ತಿನದು ಹೇಗಿತ್ತೆಂದು ಹೇಳುತ್ತಾನೆ, ಬೆನ್ನ ಮೇಲೆ ಹೊತ್ತು ವಾಪಸ್ ಬರುತ್ತಾನೆ. ಅದು ಪಾಳು ಕೋಟೆಯೇ ಅಲ್ಲ! ಒಳಗೆ ರಾಕ್ಷಸರಾಜನ ಸೇನಾಪತಿ ಇದ್ದಾನೆ. ತಲೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಊರ ಬಾಗಿಲಿಗೆ ಬಂದು, ದಿನಾ ನನ್ನ ಮನೆಗೆ ಸಿಡಿಸುವ ತಲೆಕೆಟ್ಟವರು ಯಾರು ಅಂತ ಕೂಗುತ್ತಾನೆ. ಪಕ್ಕದ ಮನೆಯ ಗೃಹಪ್ರವೇಶದ ಮೈಕಿಗೆ ರೇಗಿದ ಯಜಮಾನನ ಥರ. ಅವನನ್ನು ಸೋಲಿಸಿದ್ದಕ್ಕೆ 30 ಕೋಟಿ ಎರಿಸ್ ಬಹುಮಾನ. ಆದರೆ ಆಕ್ವಾ ತರಿಸಿದ ಪ್ರವಾಹದಲ್ಲಿ ಊರು ಕೊಚ್ಚಿಹೋಗಿ 34 ಕೋಟಿ ನಷ್ಟ. ಗೆದ್ದವರು ನಾಲ್ಕು ಕೋಟಿ ಸಾಲದಲ್ಲಿ!

ಇಷ್ಟು ನಗಿಸಿದ ಮೇಲೆ ಏನು ತಕರಾರು ಅಂತೀಯಾ?

ಆ ಕದಿಯುವ ವಿದ್ಯೆಯ ಪ್ರಸಂಗ. ಕ್ರಿಸ್ ಅನ್ನುವ ಹುಡುಗಿ ಕಜುಮಾನಿಗೆ ವಿದ್ಯೆ ಕಲಿಸುತ್ತಾಳೆ, ಅವನು ಮೊದಲ ಸಲ ಪ್ರಯೋಗಿಸಿದಾಗ ಕೈಗೆ ಬರುವುದು ಅವಳದೇ ಒಳ ಉಡುಪು. ಅವಳು ಅಳುತ್ತಾಳೆ, ಅವನು ಕುಣಿಯುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ, ಡಿಗ್ರಿ ಓದುವ ಅಕ್ಕನ ಮಗಳು ಟೀ ತಂದು ಸೋಫಾದಲ್ಲಿ ಕೂತಳು. ನಾನು ರಿಮೋಟ್ ಹುಡುಕಿದೆ, ಸಿಗಲಿಲ್ಲ. 'ಇದರಲ್ಲಿ ನಗೋದು ಯಾವುದಕ್ಕೆ ಮಾವ?' ಅಂದಳು. ವ್ಯಂಗ್ಯ ಇರಲಿಲ್ಲ, ನಿಜವಾಗಿಯೇ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ರಾತ್ರಿ ಯೋಚನೆ ಮಾಡಿದೆ. ಟ್ರಾಕ್ಟರಿಗೆ ಹೆದರಿ ಸತ್ತವನನ್ನು ನೋಡಿ ನಗುವಾಗ ಪೆಟ್ಟು ಅವನಿಗೇ. ದೇವತೆಯ ಜಂಬ ಇಳಿದಾಗ ಪೆಟ್ಟು ಜಂಬಕ್ಕೆ. ಇಲ್ಲಿ ಕ್ರಿಸ್ ಮಾಡಿದ ತಪ್ಪೇನು? ಅವರದೇ ತಂಡದ ಡಾರ್ಕ್‌ನೆಸ್ ವಿಷಯದಲ್ಲೂ ಹೀಗೇ. ಕತ್ತಿ ಬೀಸಿದರೆ ಒಂದೂ ತಾಗದ ಯೋಧೆ ಅನ್ನುವುದೇ ಸಾಕಷ್ಟು ತಮಾಷೆ. ಹೊಡೆಸಿಕೊಂಡರೆ ಅವಳಿಗೆ ಖುಷಿ ಅನ್ನುವ ಒಂದೇ ಜೋಕನ್ನು ಹಿಂಡಿ ಹಿಂಡಿ ಸಿಪ್ಪೆ ಮಾಡಿಬಿಟ್ಟಿದ್ದಾರೆ. ನೀನು 'ಸುಮ್ನೆ ಕಾಮಿಡಿ ಬಿಡೋ' ಅಂತೀಯ, ಗೊತ್ತು. ಕಾಮಿಡಿ ಅಂತಲೇ ಹೇಳುತ್ತಿದ್ದೇನೆ ಮಾರಾಯ, ನಗು ಬರಲಿಲ್ಲ.

ಚಿತ್ರ ಬಿಡಿಸಿದ ರೀತಿಯ ಬಗ್ಗೆಯೂ ನಿನ್ನ ಮಾತು ನಾನು ಒಪ್ಪುವುದಿಲ್ಲ. 2016 ಮತ್ತು 2017ರಲ್ಲಿ ಸ್ಟುಡಿಯೋ ಡೀನ್ ಮಾಡಿದ ಎರಡು ಸೀಸನ್‌ಗಳಲ್ಲಿ ಮುಖಗಳು ರಬ್ಬರಿನ ಹಾಗೆ ಎಳೆದಾಡುತ್ತವೆ, ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ನೀನು ಅದನ್ನು ಕಳಪೆ ಅಂದೆ. ನನಗೆ ಅದರಲ್ಲೇ ಅರ್ಧ ಮಜಾ. ಸೋರಾ ಅಮಾಮಿಯಾ ಆಕ್ವಾಳ ಅಳುವಿಗೆ ಕೊಟ್ಟ ದನಿಗೆ ಅಂಥ ಮುಖವೇ ಬೇಕು. 2024ರ ಮೂರನೇ ಸೀಸನ್ ಬೇರೆ ಸ್ಟುಡಿಯೋದ್ದು, ಗೆರೆಗಳೆಲ್ಲ ನೀಟು. ಎರಡು ಕಂತು ನೋಡಿ ನಿಲ್ಲಿಸಿದ್ದೇನೆ.

ಉಳಿದದ್ದನ್ನು ನೀನು ಬಂದಾಗಲೇ ನೋಡೋಣ. ಅಕ್ಕನ ಮಗಳೂ ಕೂರುತ್ತಾಳಂತೆ, ಮೆಗುಮಿನ್ ಅವಳಿಗೂ ಇಷ್ಟವಾಗಿದ್ದಾಳೆ. ಎಲೆಕೋಸಿನ ಪಲ್ಯ ಮಾಡಿಡುತ್ತೇನೆ. ರಿಮೋಟ್ ಮಾತ್ರ ಅವಳ ಕೈಯಲ್ಲಿರುತ್ತದೆ, ಈಗಲೇ ಹೇಳಿದ್ದೇನೆ.

ಇಂತಿ,
ನಿನ್ನ ಹಳೇ ರೂಮ್‌ಮೇಟ್