ಸ್ಲೋ ಕುಕ್ಕರ್‌ನಲ್ಲಿ ಸಾಸೇಜ್: ಎಲ್ಲವನ್ನೂ ಒಟ್ಟಿಗೆ ಸುರಿಯಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಸ್ಲೋ ಕುಕ್ಕರ್ (ಕರೆಂಟಿನಲ್ಲಿ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಪಿಂಗಾಣಿ ಪಾತ್ರೆ) ಅಡುಗೆಯ ಟಿಪ್ಪಣಿ ಕುರಿತು ಈ ಪತ್ರ. ಸಾಸೇಜ್, ಆಲೂಗಡ್ಡೆ, ಕ್ಯಾರೆಟ್, ಬೀನ್ಸ್, ಟೊಮೆಟೊ, ಮೂರು ಲೋಟ ನೀರು, ಎಲ್ಲವನ್ನೂ ಬೆಳಗ್ಗೆ ಪಾತ್ರೆಗೆ ಹಾಕಿ ಸ್ವಿಚ್ ಒತ್ತಿ, ಸಂಜೆ ಬಂದು ಬಡಿಸಿಕೊಳ್ಳಿ ಎಂದು ಅದರಲ್ಲಿತ್ತು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಬೆಳಗ್ಗೆ ತೋಟಕ್ಕಿಳಿದರೆ ಕತ್ತಲಾಗುವ ಹೊತ್ತಿಗೆ ಮನೆ ಸೇರುವ ಕೊಡಗಿನವರಿಗೆ ಇದು ಆಸೆ ಹುಟ್ಟಿಸುವ ಮಾತೇ. ಆದರೆ ಹಾಗೆ ಮಾಡಿದರೆ ಸಂಜೆ ಸಿಗುವುದು ಬಿಳಿಚಿಕೊಂಡ ಸಾಸೇಜ್, ನಡುವೆ ಗಟ್ಟಿ ಉಳಿದ ಆಲೂಗಡ್ಡೆ, ಬಣ್ಣಗೆಟ್ಟ ಬೀನ್ಸ್, ಅದರ ಮೇಲೆ ತೇಲುವ ನೀರು. ಕುಕ್ಕರಿನ ತಪ್ಪಲ್ಲ ಇದು. ಯಾವುದು ಯಾವಾಗ ಒಳಗೆ ಹೋಗಬೇಕು ಎಂಬುದನ್ನು ಟಿಪ್ಪಣಿ ಹೇಳಲೇ ಇಲ್ಲ.

ಮೊದಲು ಸಾಸೇಜನ್ನೇ ನೋಡೋಣ. ಅಂಗಡಿಯಲ್ಲಿ ಸಿಗುವುದರಲ್ಲಿ ಎರಡು ಜಾತಿ. ಒಂದು ಹಸಿ ಹಂದಿಮಾಂಸದ್ದು: ಒತ್ತಿದರೆ ಮೆತ್ತಗೆ, ಪೊರೆಯೊಳಗೆ ಮಾಂಸದ ನಸುಗೆಂಪು, ನಡುನಡುವೆ ಕೊಬ್ಬಿನ ಬಿಳಿ ಚುಕ್ಕೆ ಕಾಣುತ್ತದೆ. ಇನ್ನೊಂದು ಕಾರ್ಖಾನೆಯಲ್ಲೇ ಬೇಯಿಸಿ ಪ್ಯಾಕ್ ಮಾಡಿದ್ದು. ಚಿಕನ್ ಸಾಸೇಜ್, ಕಾಕ್‌ಟೇಲ್ ಸಾಸೇಜ್, ಫ್ರಾಂಕ್‌ಫರ್ಟರ್ ಎಂದು ಮಾರುವುದರಲ್ಲಿ ಬಹುಪಾಲು ಇದೇ. ಅಡ್ಡ ಕತ್ತರಿಸಿದರೆ ಒಳಗೆಲ್ಲ ಒಂದೇ ಸಮ ನುಣ್ಣಗಿರುತ್ತದೆ. ಅನುಮಾನವಿದ್ದರೆ ಪ್ಯಾಕೆಟ್ಟಿನ ಹಿಂಬದಿ ಓದಿ. ಏಳು ಗಂಟೆ ಬೇಯುವುದಕ್ಕೆ ಲಾಯಕ್ಕಾದದ್ದು ಹಸಿ ಸಾಸೇಜ್ ಮಾತ್ರ. ಬೆಂದಿರುವುದನ್ನು ಅಷ್ಟು ಹೊತ್ತು ಬಿಟ್ಟರೆ ನೀರು ಕುಡಿದು ಉಬ್ಬಿ, ಪೊರೆ ಒಡೆದು, ರುಚಿಯೆಲ್ಲ ಸಾರಿಗೆ ಬಿಟ್ಟು ಚಪ್ಪೆಯಾಗುತ್ತದೆ. ಅದು ಕೊನೆಯ ಮುಕ್ಕಾಲು ಗಂಟೆಯಲ್ಲಿ ಸೇರಬೇಕಾದದ್ದು. ಗೋವಾದ ಚೊರಿಸೊ ತಂದರೆ ಅರ್ಧ ತೂಕ ಸಾಕು; ಉಪ್ಪು, ವಿನೆಗರ್ ಎರಡೂ ಅದರಲ್ಲೇ ಧಾರಾಳ ಇರುತ್ತದೆ.

ಫ್ರೀಜರ್‌ನಲ್ಲಿದ್ದ ಸಾಸೇಜನ್ನು ನೇರ ಕುಕ್ಕರಿಗೆ ಹಾಕಲೇಬಾರದು. ಮಾಂಸದಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು 5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ. ಸ್ಲೋ ಕುಕ್ಕರ್ ಮೊದಲೇ ನಿಧಾನಕ್ಕೆ ಬಿಸಿಯಾಗುವ ಸಾಮಾನು. ಹೆಪ್ಪುಗಟ್ಟಿದ ಮಾಂಸ ಹಾಕಿದರೆ ಆ ನಡುವಿನ ಹೊತ್ತು ಗಂಟೆಗಟ್ಟಲೆ ಎಳೆಯುತ್ತದೆ. ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ತಟ್ಟಿಗೆ ಇಳಿಸಿಡಿ.

ನಾಲ್ಕು ಜನರಿಗೆ, 3.5 ಲೀಟರ್ ಕುಕ್ಕರಿಗೆ ಅಳತೆ ಹೀಗೆ. ಹಸಿ ಸಾಸೇಜ್ 500 ಗ್ರಾಂ, ಆಲೂಗಡ್ಡೆ 350, ಕ್ಯಾರೆಟ್ 200, ನವಿಲುಕೋಸು ಒಂದು, ಈರುಳ್ಳಿ ಎರಡು, ಬೀನ್ಸ್ 100 ಗ್ರಾಂ, ಬೆಳ್ಳುಳ್ಳಿ ಎಂಟು ಎಸಳು, ಶುಂಠಿ ಒಂದು ಇಂಚು, ಅರಿಶಿನ ಕಾಲು ಚಮಚ, ಎಣ್ಣೆ ಎರಡು ಚಮಚ, ಬಿಸಿನೀರು 150 ಮಿಲಿಲೀಟರ್. ಮಸಾಲೆಗೆ ನಮ್ಮ ಹಂದಿ ಸಾರಿಗೆ ಹಾಕುವ ಕಪ್ಪಗೆ ಹುರಿದ ಪುಡಿಯೇ ಸಾಕು, ಎರಡು ಚಮಚ. ಕೊತ್ತಂಬರಿ, ಜೀರಿಗೆ, ಕರಿಮೆಣಸು, ಸಾಸಿವೆ, ನಾಲ್ಕು ಕಾಳು ಮೆಂತ್ಯ ಹಾಕಿ ಹುರಿದ ಈ ಪುಡಿ ಸ್ಲೋ ಕುಕ್ಕರಿಗೆ ಹೇಳಿ ಮಾಡಿಸಿದಂತಿದೆ. ಕಾರಣ ಇಷ್ಟೇ: ಈ ಪಾತ್ರೆಯೊಳಗೆ ಎಣ್ಣೆಯಲ್ಲಿ ಬಾಡುವ ಶಾಖ ಇಲ್ಲ, ಹಸಿ ಮಸಾಲೆ ಎಂಟು ಗಂಟೆ ಬೆಂದರೂ ಹಸಿ ವಾಸನೆ ಹೋಗುವುದಿಲ್ಲ. ಹುರಿದದ್ದಕ್ಕೆ ಆ ತೊಂದರೆ ಇಲ್ಲ.

150 ಮಿಲಿಲೀಟರ್ ಎಂದರೆ ಕಡಿಮೆಯಾಯಿತು ಎನ್ನಿಸಬಹುದು. ಮುಚ್ಚಳಕ್ಕೆ ತಾಗಿದ ಹಬೆ ಹನಿಯಾಗಿ ವಾಪಸ್ ಬೀಳುತ್ತದೆ, ಹೊರಗೆ ಹೋಗುವುದು ತೀರಾ ಸ್ವಲ್ಪ; ತರಕಾರಿ, ಸಾಸೇಜ್ ಎರಡೂ ತಮ್ಮ ನೀರನ್ನು ಬಿಡುತ್ತವೆ. ಬಾಣಲೆಯ ಅಡುಗೆಗೆ ಬರೆದ ನೀರಿನ ಅಳತೆಯನ್ನು ಇಲ್ಲಿ ಅರ್ಧಕ್ಕೆ ಇಳಿಸಬೇಕು.

ಬಣ್ಣ ಬರಿಸುವ ಕೆಲಸವನ್ನು ಬಿಟ್ಟುಬಿಡುವವರೇ ಹೆಚ್ಚು. ಸ್ಲೋ ಕುಕ್ಕರ್ ಒಳಗೆ ಶಾಖ ನೀರು ಕುದಿಯುವ ಮಟ್ಟವನ್ನು ದಾಟುವುದಿಲ್ಲ, ಮಾಂಸ ಕಂದು ಬಣ್ಣಕ್ಕೆ ತಿರುಗಲು ಅದಕ್ಕಿಂತ ತುಂಬ ಹೆಚ್ಚು ಬೇಕು. ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಉರಿ ಮಧ್ಯಮಕ್ಕಿಳಿಸಿ, ಸಾಸೇಜುಗಳನ್ನು ಒಂದಕ್ಕೊಂದು ತಾಗದಂತೆ ಇಡಿ. ಮೊದಲ ಎರಡು ನಿಮಿಷ ಮುಟ್ಟಬೇಡಿ. ಪೊರೆ ತಳಕ್ಕೆ ಹಿಡಿದುಕೊಂಡಿರುತ್ತದೆ, ಆಗ ಎಬ್ಬಿಸಿದರೆ ಹರಿಯುತ್ತದೆ. ಬಣ್ಣ ಬಂದ ಮೇಲೆ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೂರು ನಾಲ್ಕು ಸಲ ಹೊರಳಿಸುತ್ತಾ ಒಟ್ಟು ಏಳೆಂಟು ನಿಮಿಷ. ಫೋರ್ಕಿನಿಂದ ಚುಚ್ಚಬೇಡಿ, ಚುಚ್ಚಿದ ತೂತಿನಿಂದ ರಸವೆಲ್ಲ ಹೊರಗೆ. ಒಳಗೆ ಬೇಯುವುದು ಈಗ ಬೇಕಿಲ್ಲ, ಹೊರಮೈ ಜೇನು ಬಣ್ಣ ದಾಟಿದರೆ ಸಾಕು. ಸಾಸೇಜ್ ತೆಗೆದು ಅದೇ ಜಿಡ್ಡಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿಯನ್ನು ಅಂಚು ಕೆಂಪಾಗುವ ತನಕ ಬಾಡಿಸಿ, ಅರಿಶಿನ ಮತ್ತು ಮಸಾಲೆ ಪುಡಿ ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಆಮೇಲೆ ಆ 150 ಮಿಲಿಲೀಟರ್ ಬಿಸಿನೀರನ್ನು ಬಾಣಲೆಗೇ ಸುರಿದು ತಳಕ್ಕೆ ಹಿಡಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಕರಗಿಸಿ. ಸಾರಿನ ರುಚಿ ಇರುವುದೇ ಅದರಲ್ಲಿ. ಬಾಣಲೆ ತೊಳೆಯುವ ನೀರಿನ ಪಾಲು ಮಾಡಬೇಡಿ.

ಸಮಯ ಉಳಿಯಲಿ ಎಂದು ಹಿಂದಿನ ರಾತ್ರಿಯೇ ಸಾಸೇಜ್ ಹುರಿದಿಡುವವರಿದ್ದಾರೆ. ಅದು ಬೇಡ. ಅರೆಬೆಂದ ಮಾಂಸ ತಣ್ಣಗಾಗಿ ಮತ್ತೆ ನಿಧಾನವಾಗಿ ಬಿಸಿಯಾದರೆ ಮೇಲೆ ಹೇಳಿದ ಅಪಾಯವೇ. ಹುರಿದ ತಕ್ಷಣ ಕುಕ್ಕರಿಗೆ ಹೋಗಬೇಕು. ತರಕಾರಿ ಮಾತ್ರ ರಾತ್ರಿಯೇ ಹೆಚ್ಚಿ ಫ್ರಿಜ್ಜಿನಲ್ಲಿಡಬಹುದು, ಆಲೂಗಡ್ಡೆಯನ್ನು ನೀರಲ್ಲಿ ಮುಳುಗಿಸಿ.

ಜೋಡಿಸುವಾಗ ಗಡ್ಡೆ ಕೆಳಗೆ, ಮಾಂಸ ಮೇಲೆ. ಇದು ತಿರುಗುಮುರುಗು ಎನಿಸಿದರೂ ಸರಿ. ಈ ಶಾಖದಲ್ಲಿ ಸಾಸೇಜಿಗಿಂತ ಆಲೂಗಡ್ಡೆ, ಕ್ಯಾರೆಟ್ ಬೇಯುವುದೇ ನಿಧಾನ. ಆಲೂಗಡ್ಡೆ ಹೋಳು ಎರಡೂವರೆ ಸೆಂಟಿಮೀಟರ್, ಕ್ಯಾರೆಟ್ ಮತ್ತು ನವಿಲುಕೋಸು ಅದಕ್ಕಿಂತ ತುಸು ಸಣ್ಣ. ತಳ ಮತ್ತು ಪಕ್ಕಕ್ಕೆ ತಾಗುವಂತೆ ಹರಡಿ, ಮೇಲೆ ಸಾಸೇಜ್ ಇಟ್ಟು, ಬಾಣಲೆಯ ರಸ ಸುರಿಯಿರಿ. ಪಾತ್ರೆ ಅರ್ಧಕ್ಕಿಂತ ಮೇಲೆ, ಮುಕ್ಕಾಲಿಗಿಂತ ಕೆಳಗೆ ತುಂಬಿರಲಿ. ತೀರಾ ಕಡಿಮೆಯಾದರೆ ಪಕ್ಕ ಸೀಯುತ್ತದೆ, ಹೆಚ್ಚಾದರೆ ನಡುಭಾಗ ಬೇಯುವುದಿಲ್ಲ. ಗುಂಡಿ ಮೊದಲ ಒಂದು ಗಂಟೆ ಹೈ (ಹೆಚ್ಚು ಶಾಖ), ಆಮೇಲೆ ಲೋನಲ್ಲಿ (ಕಡಿಮೆ ಶಾಖ) ಆರು ಗಂಟೆ. ಪೂರ್ತಿ ಹೈನಲ್ಲೇ ಇಟ್ಟರೆ ಮೂರೂವರೆ ಗಂಟೆ. ಒಂದೊಂದು ಸಲ ಮುಚ್ಚಳ ತೆಗೆದಾಗಲೂ ಹೋದ ಶಾಖ ಮತ್ತೆ ಏರಲು ಇಪ್ಪತ್ತು ನಿಮಿಷವಾದರೂ ಬೇಕು. ಇಣುಕಿ ನೋಡುವ ಚಟ ಬಿಡಬೇಕು.

ಇನ್ನು ಹುಳಿ. ಟಿಪ್ಪಣಿಯಲ್ಲಿ ಟೊಮೆಟೊವನ್ನು ಮೊದಲೇ ಹಾಕಿಸಿದ್ದಾರೆ, ಕೊಡಗಿನ ರುಚಿಗೆ ಬೇಕಾದರೆ ಕಾಚಂಪುಳಿಯನ್ನೂ (ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ ನಮ್ಮ ಕಪ್ಪು ಹುಳಿ) ಆಗಲೇ ಸೇರಿಸಬಹುದು ಎಂದಿದ್ದಾರೆ. ಆಲೂಗಡ್ಡೆ ಗಟ್ಟಿ ಉಳಿಯುವುದು ಇದರಿಂದಲೇ. ತರಕಾರಿಯ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಹುಳಿಯಲ್ಲಿ ಕರಗಲು ಒಲ್ಲದು. ಕುದಿಯುವ ಪಾತ್ರೆಯಲ್ಲಾದರೆ ಹೇಗೋ ನಡೆದೀತು, ಕುದಿಯದ ಈ ಪಾತ್ರೆಯಲ್ಲಿ ನಡೆಯುವುದಿಲ್ಲ. ಎಂಟು ಗಂಟೆಯ ಬಳಿಕ ಹೋಳನ್ನು ಕತ್ತರಿಸಿ ನೋಡಿದರೆ ನಡುವೆ ಗಾಜಿನ ಹೊಳಪು, ಚಾಕುವಿಗೆ ಕಟಕಟ ಎನ್ನುತ್ತದೆ. ಪಂದಿ ಕರಿಗೆ (ಹಂದಿ ಸಾರಿಗೆ) ಕಾಚಂಪುಳಿಯನ್ನು ಕೊನೆಗೆ ಹಾಕುವ ಮನೆಯ ಪದ್ಧತಿಯನ್ನೇ ಇಲ್ಲೂ ಪಾಲಿಸಿ: ಎಲ್ಲ ಬೆಂದ ಮೇಲೆ ಒಂದು ಚಿಕ್ಕ ಚಮಚ, ಬೆರೆಸಿ ಹತ್ತು ನಿಮಿಷ. ಚೊರಿಸೊ ಬಳಸುವವರು ಇದನ್ನು ಹಾಕಬೇಡಿ, ಆಲೂಗಡ್ಡೆಯನ್ನು ಮಾತ್ರ ಮೊದಲೇ ಅರ್ಧ ಬೇಯಿಸಿಕೊಳ್ಳಿ.

ಬೀನ್ಸ್ ಕೊನೆಯ ಒಂದು ಗಂಟೆಗೆ ಸಾಕು, ಆಗ ಗುಂಡಿಯನ್ನು ಹೈಗೆ ತಿರುಗಿಸಿ. ಸಾರು ತೆಳುವಿದ್ದರೆ ಅದೇ ಹೊತ್ತಿಗೆ ಒಂದು ಚಮಚ ಅಕ್ಕಿಹಿಟ್ಟನ್ನು ಮೂರು ಚಮಚ ತಣ್ಣೀರಲ್ಲಿ ಕದಡಿ ಹಾಕಬಹುದು. ತೆಂಗಿನಹಾಲು ಬೇಕೆನ್ನುವವರು ಕೊನೆಯ ಅರ್ಧ ಗಂಟೆ ಕಾಯಿರಿ, ಮೊದಲೇ ಹಾಕಿದರೆ ಒಡೆಯುತ್ತದೆ. ಉಪ್ಪು ಎಲ್ಲದಕ್ಕಿಂತ ಕೊನೆಗೆ, ಸಾರು ರುಚಿ ನೋಡಿ, ಸಾಸೇಜಿನಲ್ಲೇ ಬೇಕಾದಷ್ಟಿರುತ್ತದೆ. ಇಳಿಸುವ ಮುನ್ನ ಅಡುಗೆ ಥರ್ಮಾಮೀಟರನ್ನು ಸಾಸೇಜಿನ ನಡುವಿಗೆ ಚುಚ್ಚಿದರೆ ಹಂದಿಯದ್ದಾದರೆ 71, ಕೋಳಿಯದ್ದಾದರೆ 74 ಡಿಗ್ರಿ ತೋರಿಸಬೇಕು.

ಟಿಪ್ಪಣಿ ಬರೆದವರು ಬಹುಶಃ ಬಯಲುಸೀಮೆಯವರು, ಇಲ್ಲವೇ ವಿದೇಶದ ಪಾಕವನ್ನು ಇದ್ದಹಾಗೆ ಇಳಿಸಿದ್ದಾರೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಇಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಚಳಿಗಾಲದ ಬೆಳಗ್ಗೆ ಪಿಂಗಾಣಿ ಪಾತ್ರೆಯೂ ತರಕಾರಿಯೂ ತಣ್ಣಗಿರುತ್ತವೆ. ಪುಸ್ತಕದ ಹೊತ್ತಿಗೆ ಅರ್ಧದಿಂದ ಮುಕ್ಕಾಲು ಗಂಟೆ ಸೇರಿಸಿಕೊಳ್ಳಿ.

ಇದಕ್ಕಿಂತ ದೊಡ್ಡ ತೊಡಕು ವೋಲ್ಟೇಜ್. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಿಗೆ ಸಂಜೆ ಹೊತ್ತು ಬಲ್ಬು ಮಂಕಾಗುವುದು ಗೊತ್ತಿರುವುದೇ. ಹೀಟರಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ. 230 ವೋಲ್ಟಿಗೆ 200 ವಾಟ್ ಕೊಡುವ ಕುಕ್ಕರ್ 180 ವೋಲ್ಟಿನಲ್ಲಿ ಕೊಡುವುದು ಸುಮಾರು 122 ವಾಟ್. ದೀಪ ಉರಿಯುತ್ತಿರುತ್ತದೆ, ಪಾತ್ರೆ ಮುಟ್ಟಿದರೆ ಬಿಸಿ, ಒಳಗೆ ಮಾತ್ರ ಬೇಯುವ ಶಾಖ ಇಲ್ಲ. ಆದ್ದರಿಂದ ಮಾಂಸ ಹಾಕುವ ಮೊದಲು ಒಂದು ದಿನ ಪರೀಕ್ಷೆ ಮಾಡಿ: ಅರ್ಧದಿಂದ ಮುಕ್ಕಾಲು ಪಾತ್ರೆ ತಣ್ಣೀರು ತುಂಬಿ, ಲೋನಲ್ಲಿ ಎಂಟು ಗಂಟೆ ಇಟ್ಟು, ಮುಚ್ಚಳ ತೆಗೆದ ಕೂಡಲೇ ಥರ್ಮಾಮೀಟರ್ ಇಳಿಸಿ. 85 ಡಿಗ್ರಿ ಮುಟ್ಟಿರಬೇಕು. ಮುಟ್ಟದಿದ್ದರೆ ಆ ಮನೆಯಲ್ಲಿ ಲೋ ಬೇಡ, ಹೈನಲ್ಲೇ ಮಾಡಿ. ಹೈನಲ್ಲೂ ಮುಟ್ಟದಿದ್ದರೆ ಪ್ರೆಷರ್ ಕುಕ್ಕರೇ ಗತಿ. ಹಾಗೆ ನೋಡಿದರೆ ಇಡೀ ದಿನ ಮನೆಯಲ್ಲಿರುವವರಿಗೆ ಸ್ಲೋ ಕುಕ್ಕರಿನ ಅಗತ್ಯವೂ ಅಷ್ಟಾಗಿ ಇಲ್ಲ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಕುಕ್ಕರ್‌ಗಳದ್ದು ಉಲ್ಟಾ ಕತೆ. ಅವು 120 ವೋಲ್ಟಿನವು. ಪಿನ್ ಮಾತ್ರ ಬದಲಿಸಿ ಇಲ್ಲಿ ಚುಚ್ಚಿದರೆ ಮೂರೂವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಹರಿದು ಸುಟ್ಟೇಹೋಗುತ್ತವೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಮರ ಬಿದ್ದು ಲೈನ್ ಹರಿದರೆ? ಮನೆಯಲ್ಲಿದ್ದರೆ ಎಲ್ಲವನ್ನೂ ತಕ್ಷಣ ಬೇರೆ ಪಾತ್ರೆಗೆ ಸುರಿದು ಗ್ಯಾಸ್ ಮೇಲೆ ಕುದಿಸಿ ಮುಗಿಸಿ. ಪಿಂಗಾಣಿಯನ್ನು ಉರಿಗೆ ಇಡಬೇಡಿ, ಸೀಳುತ್ತದೆ. ಮನೆಯಲ್ಲಿಲ್ಲದಾಗ ಕರೆಂಟ್ ಹೋಗಿ ಬಂದರೆ ಗುಂಡಿ ತಿರುಗಿಸುವ ಕುಕ್ಕರ್ ಏನೂ ಆಗದಂತೆ ಮತ್ತೆ ಬಿಸಿಯಾಗುತ್ತದೆ, ನಿಮಗೆ ತಿಳಿಯುವುದೇ ಇಲ್ಲ. ಅದೇ ಪ್ಲಗ್ ಪಾಯಿಂಟಿಗೆ ಬ್ಯಾಟರಿ ಇಲ್ಲದ ಒಂದು ಡಿಜಿಟಲ್ ಗಡಿಯಾರ ಹಾಕಿಡಿ. ಕರೆಂಟ್ ಹೋದದ್ದಾದರೆ ಅಂಕಿ ಮಿನುಗುತ್ತಿರುತ್ತದೆ ಇಲ್ಲವೇ ಹೊತ್ತು ತಪ್ಪಿರುತ್ತದೆ. ಎಷ್ಟು ಹೊತ್ತು ಹೋಗಿತ್ತೆಂದು ಗೊತ್ತಾಗದಿದ್ದರೆ ಚೆಲ್ಲಿಬಿಡುವುದೇ ಸರಿ, ಎಷ್ಟೇ ಹೊಟ್ಟೆ ಉರಿದರೂ. ಇನ್ವರ್ಟರ್ ಇರುವವರಿಗೆ ಸ್ವಲ್ಪ ನಿರಾಳ: 150 ಆಂಪಿಯರ್ ಅವರ್‌ನ ಒಳ್ಳೆಯ ಬ್ಯಾಟರಿ 200 ವಾಟಿನ ಕುಕ್ಕರನ್ನು ಮೂರು ನಾಲ್ಕು ಗಂಟೆ ಎಳೆಯುತ್ತದೆ, ದೀಪ ಫ್ಯಾನುಗಳನ್ನು ಆರಿಸಿಟ್ಟರೆ.

ತರಕಾರಿಯನ್ನು ಊರಿನ ಬುಟ್ಟಿಯಿಂದ ಆರಿಸುವಾಗ ಮೂರು ಕಡೆ ಎಚ್ಚರ ಬೇಕು. ಮಳೆಗಾಲದ ಬೈಂಬಳೆ (ಎಳೆ ಬಿದಿರು, ಕಳಲೆ) ಮತ್ತು ಮರಗೆಣಸು, ಎರಡರಲ್ಲೂ ಸಯನೈಡ್ ಬಿಡುವ ಅಂಶವಿದೆ. ತೆರೆದ ಪಾತ್ರೆಯಲ್ಲಿ ಕುದಿಸಿದರೆ ಅದು ಹಬೆಯಲ್ಲಿ, ಚೆಲ್ಲುವ ನೀರಲ್ಲಿ ಹೋಗುತ್ತದೆ. ಮುಚ್ಚಳ ಬಿಗಿದ, ನೀರು ಚೆಲ್ಲದ ಸ್ಲೋ ಕುಕ್ಕರಿನಲ್ಲಿ ಹೋಗಲು ದಾರಿ ಇಲ್ಲ. ಬೈಂಬಳೆಯನ್ನು ನೀರು ಬದಲಿಸುತ್ತ ನೆನೆಸಿ, ಕುದಿಸಿ ಬಸಿದ ಮೇಲೆ, ಮರಗೆಣಸನ್ನು ಸಿಪ್ಪೆ ತೆಗೆದು ಪೂರ್ತಿ ಬೇಯಿಸಿ ಬಸಿದ ಮೇಲೆ ಮಾತ್ರ ಸೇರಿಸಿ. ಮೂರನೆಯದು ಕೆಂಪು ರಾಜ್ಮಾ. ಅದರಲ್ಲಿರುವ ಲೆಕ್ಟಿನ್ ವಾಂತಿ ಭೇದಿ ತರುತ್ತದೆ, ಅರೆಬರೆ ಶಾಖಕ್ಕೆ ನಾಶವಾಗುವುದಿಲ್ಲ. ಐದು ಗಂಟೆಗೂ ಹೆಚ್ಚು ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕೊತಕೊತ ಹತ್ತು ನಿಮಿಷವಾದರೂ ಕುದಿಸದ ರಾಜ್ಮಾ ಈ ಪಾತ್ರೆಯ ಹತ್ತಿರವೂ ಸುಳಿಯಬಾರದು. ಸಿಹಿಗುಂಬಳಕ್ಕೆ ಯಾವ ತಕರಾರೂ ಇಲ್ಲ, ಎರಡು ಗಂಟೆ ಉಳಿದಿರುವಾಗ ದೊಡ್ಡ ಹೋಳು ಮಾಡಿ ಹಾಕಿ.

ಅಕ್ಕಿ ರೊಟ್ಟಿಗೂ ಕಡಂಬುಟ್ಟಿಗೂ (ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆ) ಇದು ಹೊಂದುತ್ತದೆ. ಕಡಂಬುಟ್ಟಿಗಾದರೆ ಅಕ್ಕಿಹಿಟ್ಟು ಹಾಕದೆ ಸಾರನ್ನು ತುಸು ತೆಳುವಾಗಿಯೇ ಬಿಡಿ. ಉಳಿದದ್ದನ್ನು ಅಗಲವಾದ ತಟ್ಟೆಗೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ದಪ್ಪ ಪಿಂಗಾಣಿ ರಾತ್ರಿಯಿಡೀ ಬೆಚ್ಚಗೇ ಇರುವುದರಿಂದ ಅದರಲ್ಲೇ ಬಿಟ್ಟರೆ ಬೆಳಗ್ಗೆಗೆ ಹಳಸಿರುತ್ತದೆ. ಮರುದಿನ ಬಿಸಿ ಮಾಡುವುದು ಒಲೆಯ ಮೇಲೆ, ಚೆನ್ನಾಗಿ ಕುದಿ ಬರುವ ತನಕ. ಸ್ಲೋ ಕುಕ್ಕರಿನ ವಾರ್ಮ್ ಗುಂಡಿ ಆಗಲೇ ಬಿಸಿ ಇರುವುದನ್ನು ಬಿಸಿಯಾಗಿಡಲು ಮಾತ್ರ.

ಇಂತಿ,
ಇಬ್ಬರು ಓದುಗರು
ನಾಪೋಕ್ಲು, ಕೊಡಗು