ರುದ್ರೇಶನಿಗೆ: ಕಂತು ಯಾರಿಗೆ, ಬೈಗುಳ ಯಾರಿಗೆ

ದಾವಣಗೆರೆ
ಭಾನುವಾರ

ಪ್ರೀತಿಯ ರುದ್ರೇಶ,

ಚನ್ನಗಿರಿಯ ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ನೀನು ಆಡಿದ ಮಾತಿಗೆ ಅಲ್ಲೇ ಉತ್ತರ ಕೊಡಬೇಕು ಅನ್ನುವಷ್ಟರಲ್ಲಿ ಹೋಳಿಗೆ ಬಡಿಸುವವನು ಬಂದ, ಮಾತು ನಿಂತುಹೋಯಿತು. "ಬ್ರಿಟಿಷರು ಏನೇ ಅನ್ನು, ಶಿಸ್ತಿನ ಜನ. ನಮ್ಮನ್ನು ಸುಲಿದವರು ನಮ್ಮವರೇ. ಅಮಲ್ದಾರ, ಶೇಕದಾರ, ಶಾನುಭೋಗ" ಅಂತ ಕಂದಾಯದವರನ್ನೆಲ್ಲ ಎಣಿಸಿದೆ. ರೈಲು ತಂದರು, ಮಾರಿಕಣಿವೆ ಅಣೆಕಟ್ಟು ಕಟ್ಟಿದರು ಅಂತಲೂ ಸೇರಿಸಿದೆ. ಪಕ್ಕದಲ್ಲಿದ್ದ ಹುಡುಗರೆಲ್ಲ ಹೌದೌದು ಅಂದರು ನೋಡು, ಅದಕ್ಕೇ ಇದನ್ನು ನಿನ್ನೊಬ್ಬನಿಗೇ ಕಳಿಸದೆ ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ. ಬೇಜಾರಾಗಬೇಡ.

ನಾನು ಕಂದಾಯ ಇಲಾಖೆಯಲ್ಲಿ ಫೈಲು ತಿರುವುತ್ತಲೇ ಸವೆದವನು. ಇತಿಹಾಸ ಅಂದರೂ ನನ್ನ ಕಣ್ಣು ಮೊದಲು ಹೋಗುವುದು ಬಾಕಿ ಕಾಲಮ್ಮಿಗೆ. ಕೋಟೆ, ತೋಪು, ಯುದ್ಧದ ಚಿತ್ರ ಆಮೇಲೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಅದೇ ವರ್ಷ ಐದು ವರ್ಷದ ಮಗುವನ್ನು, ಅಂದರೆ ಮುಮ್ಮಡಿ ಕೃಷ್ಣರಾಜ ಒಡೆಯರನ್ನು, ಮೈಸೂರಿನ ಗಾದಿಯ ಮೇಲೆ ಕೂರಿಸಿ ಈಸ್ಟ್ ಇಂಡಿಯಾ ಕಂಪನಿಯವರು ಒಂದು ಕರಾರು ಬರೆಸಿಕೊಂಡರು. ವರ್ಷಕ್ಕೆ ಏಳು ಲಕ್ಷ ಸ್ಟಾರ್ ಪಗೋಡ, ಅಂದರೆ ಇಪ್ಪತ್ನಾಲ್ಕೂವರೆ ಲಕ್ಷ ರೂಪಾಯಿ, ಕಂಪನಿಗೆ ಕಂತು ಕಟ್ಟಬೇಕು. ಯಾತಕ್ಕೆ? ಕಂಪನಿಯ ಸೈನ್ಯ ಮೈಸೂರನ್ನು ಕಾಯುವುದಕ್ಕೆ. ಕಾಯಬೇಕಾದದ್ದು ಯಾರಿಂದ ಅಂತ ಕೇಳುವವರು ಯಾರೂ ಉಳಿದಿರಲಿಲ್ಲ, ಆ ಮಾತು ಬಿಡು. ಕರಾರಿನಲ್ಲಿ ಇನ್ನೊಂದು ಕಲಮು ಇತ್ತು: ಈ ಹಣ ನಿಂತುಹೋಗಬಹುದು ಎಂದು ಗವರ್ನರ್ ಜನರಲ್ಲಿಗೆ ಅನ್ನಿಸಿದರೆ ಸೀಮೆಯನ್ನೇ ವಶಕ್ಕೆ ತೆಗೆದುಕೊಳ್ಳಬಹುದು. ನಿಲ್ಲಲೇಬೇಕು ಅಂತಿಲ್ಲ, ನಿಲ್ಲಬಹುದು ಎಂದು ಅನ್ನಿಸಿದರೆ ಸಾಕು. ಇಂಥ ಷರತ್ತು ಹಾಕಿ ಸಾಲ ಕೊಡುವವನ ಮನೆ ಬಾಗಿಲಿಗೆ ನಮ್ಮ ಹಿರಿಯರು ಹೋಗುತ್ತಿರಲಿಲ್ಲ.

ಈಗ ಆ ಮೊತ್ತ ಎಲ್ಲಿಂದ ಬರಬೇಕು? ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನ ಹೊಲಗಳಿಂದಲೂ ಬರಬೇಕು. ಅಲ್ಲಿ ಮಳೆ ಎಷ್ಟು ಬೀಳುತ್ತದೆ ಅಂತ ನಿನಗೆ ಗೊತ್ತು. ಮಳೆ ಕೈಕೊಟ್ಟ ವರ್ಷವೂ ಕಂತು ಕಂತೇ.

ಆ ಕಡೆಯ ಲೆಕ್ಕವನ್ನೂ ನೋಡು. ನಾಗರಿಕತೆ ಕಲಿಸಲು ಬಂದೆವು, ಧರ್ಮ ತಿಳಿಸಲು ಬಂದೆವು ಎಂಬ ಮಾತೆಲ್ಲ ಭಾಷಣಕ್ಕೆ. 1833ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಕಂಪನಿಯ ವ್ಯಾಪಾರವನ್ನು ಮುಚ್ಚಿಸಿತು. ಆದರೆ ಷೇರುದಾರರಿಗೆ ನಷ್ಟವಾಗಬಾರದಲ್ಲ? ವರ್ಷಕ್ಕೆ ಶೇಕಡಾ ಹತ್ತೂವರೆ ಲಾಭಾಂಶ, ಅದೂ ಭಾರತದ ಕಂದಾಯದಿಂದಲೇ, ಎಂದು ಕಾನೂನು ಮಾಡಿತು. ಅಂಗಡಿಗೆ ಬೀಗ ಬಿದ್ದ ಮೇಲೂ ಲಾಭ ನಿಲ್ಲಲಿಲ್ಲ. 1857ರ ದಂಗೆಯಾಗಿ, ಕಂಪನಿ ಸರ್ಕಾರ ಹೋಗಿ ರಾಣಿಯ ಸರ್ಕಾರ ಬಂದ ಮೇಲೂ ಇದು ನಡೆದೇ ಇತ್ತು. ಇಂಗ್ಲೆಂಡಿನ ಯಾವುದೋ ಹಳ್ಳಿಯಲ್ಲಿ ಟೀ ಕುಡಿಯುತ್ತ ಕೂತ ಷೇರುದಾರ ಒಬ್ಬ ರೈತನ ಮೇಲೂ ಕೈ ಎತ್ತಿದವನಲ್ಲ. ಅವನಿಗೆ ಚನ್ನಗಿರಿ ಎಲ್ಲಿದೆ ಅಂತಲೂ ಗೊತ್ತಿರಲಿಲ್ಲ.

ಕೈ ಎತ್ತಿದವನು ನೀನು ಬೈಯುವ ಅಮಲ್ದಾರ, ನಿಜ. ಇಲ್ಲೇ ಸ್ವಲ್ಪ ನಿಲ್ಲು. ಮುಮ್ಮಡಿಯವರ ಕಾಲದಲ್ಲಿ ಶರ್ತಿ ಅಂತ ಒಂದು ಪದ್ಧತಿ ಬಂತು. ಇಂತಿಷ್ಟು ಹಣವನ್ನು ನನ್ನ ತಾಲ್ಲೂಕಿನಿಂದ ಎತ್ತಿಕೊಡುತ್ತೇನೆ ಎಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಹೆಚ್ಚು ಬಂದರೆ ಸರ್ಕಾರಕ್ಕೆ, ಕಡಿಮೆ ಬಿದ್ದರೆ ಅವನ ತಲೆಗೆ. ಹೀಗೆ ಬರೆದುಕೊಟ್ಟ ಮನುಷ್ಯ ಹಳ್ಳಿಗೆ ಬಂದು ಏನು ಮಾಡುತ್ತಾನೆ ಹೇಳು. ಬೆಳೆ ಹೋಯಿತು ಅಂದರೆ ಕೇಳುತ್ತಾನೆಯೇ? ನಾವಿಬ್ಬರೂ ಆ ಕುರ್ಚಿಯಲ್ಲಿ ಕೂತಿದ್ದರೂ ಅದನ್ನೇ ಮಾಡುತ್ತಿದ್ದೆವು ಅಂತ ನನಗನ್ನಿಸುತ್ತದೆ. ಅರಮನೆಯ ಖರ್ಚು ವಿಪರೀತ ಇತ್ತು, ದರ್ಬಾರಿನ ಸುತ್ತ ನುಂಗುವವರೂ ಇದ್ದರು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಆ ಖರ್ಚಿಗೆ ಮುಂಚೆ ಎತ್ತಿಡಬೇಕಾದ ಹಣ ಯಾವುದು? ಕಂಪನಿಯ ಕಂತು.

1830ರಲ್ಲಿ ನಗರದ (ಹಳೆಯ ಬಿದನೂರಿನ) ಸೀಮೆಯ ರೈತರು ಕೂಟ ಕಟ್ಟಿದರು. ಕಂದಾಯ ಕಟ್ಟುವುದಿಲ್ಲ ಅಂದರು. ಹೊನ್ನಾಳಿ, ಚನ್ನಗಿರಿ ಕಡೆಗೂ ಹಬ್ಬಿತು, ಅಂದರೆ ನಿಮ್ಮೂರಿನ ಸುತ್ತಲೇ. ಬೂದಿ ಬಸವಪ್ಪ ತಾನೇ ನಗರದ ಅರಸು ಎಂದು ಎದ್ದು ನಿಂತ, ತರೀಕೆರೆಯ ಪಾಳೆಯಗಾರರು ಜೊತೆಗೂಡಿದರು. ರೈತರು ಬೈದದ್ದು ಅಮಲ್ದಾರರನ್ನು, ದೂರು ಹೇಳಿಕೊಂಡದ್ದು ಮಹಾರಾಜರ ಹತ್ತಿರ. ಕೊನೆಗೆ ದಂಗೆ ಅಡಗಿಸಲು ಬಂದದ್ದು ಮಾತ್ರ ಕಂಪನಿಯ ಪಲ್ಟನ್ನು. ಅಡಗಿಸಿ ಆದ ಮೇಲೆ, ನಿಮ್ಮ ರಾಜನಿಗೆ ಆಳಲು ಬರುವುದಿಲ್ಲ, ಪ್ರಜೆಗಳಿಗೆ ಕಷ್ಟವಾಗುತ್ತಿದೆ ಎಂದು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಇಡೀ ರಾಜ್ಯವನ್ನೇ ತೆಗೆದುಕೊಂಡ. ರುದ್ರೇಶ, ಎಂಥ ಕೈಚಳಕ ನೋಡು. ಹಿಂಡಲು ಹೇಳಿದವನೇ, ಹಿಂಡಿದ್ದಕ್ಕೆ ಶಿಕ್ಷೆ ಕೊಡುವ ನ್ಯಾಯಾಧೀಶನೂ ಆಗಿ ಬಂದ. ಮೂರು ವರ್ಷದ ಮೇಲೆ ಅದೇ ಬೆಂಟಿಂಕ್, ಕಂತಿಗೆ ಆಗ ಅಂಥ ಅಪಾಯವೇನೂ ಇರಲಿಲ್ಲ, ರಾಜ್ಯದ ಒಂದು ಭಾಗವನ್ನಾದರೂ ವಾಪಸು ಕೊಡೋಣ ಎಂಬ ಧಾಟಿಯಲ್ಲಿ ಲಂಡನ್ನಿಗೆ ಬರೆದ. ಲಂಡನ್ ಒಪ್ಪಲಿಲ್ಲ. ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಆಡಳಿತ ನಡೆಯಿತು.

ಆ ಕಮಿಷನರುಗಳಲ್ಲಿ ಕಬ್ಬನ್ ಒಳ್ಳೆಯವನು ಅಂತ ನೀನು ಹೇಳುತ್ತೀಯ. ಹೇಳು, ನಾನೂ ಒಪ್ಪುತ್ತೇನೆ. ಮದುವೆಗೆ, ಹೆರಿಗೆಗೆ, ಮಗುವಿಗೆ ಹೆಸರಿಡುವುದಕ್ಕೆ ಹಾಕಿದ್ದ ತೆರಿಗೆಗಳೂ ಸೇರಿ 769 ಚಿಲ್ಲರೆ ಬಾಬುಗಳನ್ನು ಆ ಕಾಲದಲ್ಲಿ ರದ್ದು ಮಾಡಿದರು. ರಸ್ತೆಗಳಾದವು. ಸಾಮ್ರಾಜ್ಯ ಅಂದರೆ ಅದರಲ್ಲಿದ್ದವರೆಲ್ಲ ರಾಕ್ಷಸರು ಅಂತ ನಾನು ಹೇಳುತ್ತಿಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು 1892ರಲ್ಲಿ ಲೋಕಕ್ಕೆ ತೋರಿಸಿದವನು ಇಂಗ್ಲಿಷ್ ಅಧಿಕಾರಿ ಬಿ. ಎಲ್. ರೈಸ್. ಅವನಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಕಬ್ಬನ್ನನೂ ಒಳ್ಳೆಯವನೇ, ಕಂತೂ ನಿಲ್ಲಲಿಲ್ಲ. ಎರಡೂ ಒಟ್ಟಿಗೆ ನಡೆಯುತ್ತಿತ್ತು.

ಇದು ಮೈಸೂರಿಗೆ ಮಾತ್ರ ಬಂದ ಗ್ರಹಚಾರ ಅಂದುಕೊಳ್ಳಬೇಡ. ನಮ್ಮವರು ಕೂಟ ಸೇರಿದ ಅದೇ 1830ರಲ್ಲಿ ಡಚ್ಚರು ಜಾವಾದಲ್ಲಿ ರೈತರ ಹೊಲದಲ್ಲಿ ಕಬ್ಬು, ನೀಲಿ, ಕಾಫಿ ಬಲವಂತವಾಗಿ ಬೆಳೆಸುವ ಪದ್ಧತಿ ಶುರು ಮಾಡಿದರು. ಬೆಳೆಸುವ ಕೆಲಸ ಊರ ಮುಖಂಡರ ಮೇಲೆ, ಅದಕ್ಕೆ ಅವರಿಗೂ ಒಂದು ಪಾಲು. 1898ರಲ್ಲಿ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಬ್ರಿಟಿಷರು ಗುಡಿಸಲಿಗೆ ತೆರಿಗೆ ಹಾಕಿದರು. ವಸೂಲಿ ಅಲ್ಲಿನ ನಾಯಕರದ್ದು. ಜನ ದಂಗೆಯೆದ್ದರು. ಎಲ್ಲ ಕಡೆಯೂ ಹಣ ಹಡಗು ಹತ್ತಿತು, ಬೈಗುಳ ಊರಲ್ಲೇ ಉಳಿಯಿತು.

ಬಂದೂಕು ಇರಲೇ ಇಲ್ಲ ಅಂತಲ್ಲ. ನಿಮ್ಮ ಚನ್ನಗಿರಿಯಲ್ಲೇ ಹುಟ್ಟಿದ ಧೋಂಡಿಯ ವಾಘ, ಶ್ರೀರಂಗಪಟ್ಟಣದ ಸೆರೆಯಿಂದ ಹೊರಬಿದ್ದು ದಂಡು ಕಟ್ಟಿದ್ದವನು, 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಆರ್ಥರ್ ವೆಲ್ಲೆಸ್ಲಿಯ ಕುದುರೆ ಪಡೆಯ ಎದುರು ಸತ್ತ. ಅದಾಗಿ ವರ್ಷ ತುಂಬುವುದರೊಳಗೆ ಬುಕಾನನ್ ಎಂಬ ಡಾಕ್ಟರು ಇದೇ ದಾರಿಯಲ್ಲಿ ಹರಿಹರ, ದಾವಣಗೆರೆ, ಚಿತ್ರದುರ್ಗ ನೋಡಿಕೊಂಡು ಹೋದ. ಕುರಿ ಎಷ್ಟು, ಕಂಬಳಿ ಯಾರು ನೇಯುತ್ತಾರೆ, ಯಾವ ನೆಲಕ್ಕೆ ಯಾವ ಬೆಳೆ, ಎಲ್ಲ ಕೇಳಿ ಬರೆದುಕೊಂಡ. ಮೂರು ಸಂಪುಟ, 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ನಾನು ಬಾಯಲ್ಲಿ ನೀರೂರಿಸಿಕೊಂಡು ಓದುವ ಪುಸ್ತಕ ಅದು, ಸುಳ್ಳು ಯಾಕೆ ಹೇಳಲಿ. ಆದರೆ ಅವನನ್ನು ಕಳಿಸಿದವನು ಗವರ್ನರ್ ಜನರಲ್. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನೇನಿದೆ ಎಂದು ತಿಳಿಯುವುದಕ್ಕೆ ಕಳಿಸಿದ್ದು.

ಇನ್ನು ಶಿಸ್ತಿನ ಮಾತು. 1876ರಿಂದ 78ರ ಬರದಲ್ಲಿ ಮೈಸೂರನ್ನು ಆಳುತ್ತಿದ್ದವರು ಯಾರು? ರಾಜನಲ್ಲ. ಕಮಿಷನರ ಆಡಳಿತಕ್ಕೆ ಆಗ ನಲವತ್ತೈದು ವರ್ಷ ತುಂಬಿತ್ತು. 1871ರ ಜನಗಣತಿಯಲ್ಲಿ ರಾಜ್ಯದ ಜನ 50 ಲಕ್ಷ ದಾಟಿದ್ದರು. 1881ರಲ್ಲಿ ಎಣಿಸಿದರೆ 42 ಲಕ್ಷಕ್ಕೂ ಕಡಿಮೆ. ನಮ್ಮ ಬಯಲುಸೀಮೆ ಖಾಲಿಯಾಗುತ್ತಿದ್ದಾಗ, 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ರಾಣಿಯನ್ನು ಚಕ್ರವರ್ತಿನಿ ಎಂದು ಸಾರುವ ದರ್ಬಾರು ನಡೆಸುತ್ತಿದ್ದ. ದೇಶದಿಂದ ಧಾನ್ಯ ಹಡಗಿನಲ್ಲಿ ಹೊರಗೆ ಹೋಗುತ್ತಲೇ ಇತ್ತು. ಈ ಬಾರಿ ಬೈಯಲು ನಡುವೆ ಯಾವ ದರ್ಬಾರಿಯೂ ಇರಲಿಲ್ಲ. ಆದರೂ ನಮ್ಮ ಅಜ್ಜಿಯರ ಬಾಯಲ್ಲಿ ಉಳಿದದ್ದು ಧಾತು ಸಂವತ್ಸರದ ಬರ ಅಂತ, ಯಾವ ಸಾಹೇಬನ ಹೆಸರೂ ಅದಕ್ಕೆ ಅಂಟಿಕೊಳ್ಳಲಿಲ್ಲ.

1881ರಲ್ಲಿ ರಾಜ್ಯವನ್ನು ವಾಪಸು ಕೊಟ್ಟರು. ಜೊತೆಗೆ ಬರದ ಕಾಲದ 80 ಲಕ್ಷ ರೂಪಾಯಿ ಸಾಲದ ಹೊರೆಯನ್ನೂ ಹೊರಿಸಿದರು. ಕಂತನ್ನು 35 ಲಕ್ಷಕ್ಕೆ ಏರಿಸಿದರು. ಖಜಾನೆ ಬರಿದಾಗಿತ್ತು, ಹಾಗಾಗಿ ಹೆಚ್ಚುವರಿ ಹತ್ತೂವರೆ ಲಕ್ಷವನ್ನು 1896ರವರೆಗೆ ಮುಂದೂಡಿದರು, ಅಷ್ಟು ದಯೆ. 1889ರಲ್ಲಿ ಹರಿಹರ ಮುಟ್ಟಿದ ನಿನ್ನ ರೈಲೂ ಪುಕ್ಕಟೆ ಬಂದದ್ದಲ್ಲ, ಮೈಸೂರಿನ ಹೆಸರಲ್ಲೇ ಸಾಲ. ಮಾರಿಕಣಿವೆಯಂತೂ ಬ್ರಿಟಿಷರದ್ದೇ ಅಲ್ಲ ಮಾರಾಯ. 1898ರಿಂದ 1907ರ ತನಕ ಮೈಸೂರು ಸರ್ಕಾರ ಕಟ್ಟಿಸಿದ್ದು, ಅದರ ಇನ್ನೊಂದು ಹೆಸರಾದ ವಾಣಿವಿಲಾಸ ಅನ್ನುವುದು ಮಗ ಚಿಕ್ಕವನಿದ್ದಾಗ ರೀಜೆಂಟ್ ಆಗಿ ಆಳಿದ ಮಹಾರಾಣಿಯವರ ಹೆಸರು. ಬ್ರಿಟಿಷರ ಕೈ ಕಂಡದ್ದು 1892ರ ಒಪ್ಪಂದದಲ್ಲಿ: ಪಟ್ಟಿ ಮಾಡಿದ ನದಿಗಳ ಮೇಲೆ ಮೈಸೂರು ಹೊಸ ಅಣೆಕಟ್ಟು ಕಟ್ಟಬೇಕಾದರೆ ಮೊದಲು ಮದ್ರಾಸಿನ ಒಪ್ಪಿಗೆ ಪಡೆಯಬೇಕು. ಆ ಜಗಳದ ಬಾಲ ಎಲ್ಲಿವರೆಗೆ ಬಂದಿದೆ ಅಂತ ಪೇಪರಿನಲ್ಲಿ ಓದುತ್ತಲೇ ಇದ್ದೀಯ.

ನೀನು ಪಟೇಲರ ಮನೆಯವನು. ಅಟ್ಟದ ಮೇಲೆ ಹಳೆ ಕಡತಗಳ ಗಂಟು ಇದೆ ಅಂತ ಒಮ್ಮೆ ಹೇಳಿದ್ದೆ. ಗೆದ್ದಲು ಹತ್ತುವ ಮುಂಚೆ ಕೆಳಗೆ ಇಳಿಸು, ಬಿಸಿಲಿಗೆ ಮಾತ್ರ ಇಡಬೇಡ. ಕನ್ನಡದಲ್ಲಿದ್ದರೆ ನಾನೇ ಬಂದು ಓದುತ್ತೇನೆ. ಹಳೆಯ ಮರಾಠಿ ಬರಹದ ಮೋಡಿ ಲಿಪಿಯಲ್ಲಿದ್ದರೆ ಓದಬಲ್ಲವರನ್ನು ಹುಡುಕೋಣ. ಮುಂಗಾರು ಶುರುವಾಗುವುದರೊಳಗೆ ಒಂದು ಫೋನ್ ಮಾಡು, ಬಸ್ಸಿಗೆ ಬರುತ್ತೇನೆ. ತಂಗಿಗೆ ನಮಸ್ಕಾರ ಹೇಳು.

ನಿನ್ನ
ಶಿವಣ್ಣ